ಬುತ್ತಿ ಬಿಚ್ಚೋಕೆ ನಾಚಿಕೆಯಂತೆ!

ಅರೇಬಿಕಾ ಕೊಯ್ಲು ಮುಗೀತು. ಕೊನೆಯ ಲಾಟು ಕಣದಲ್ಲಿ ಒಣಗ್ತಾ ಇದೆ. ಮೆಣಸು ಕೊಯ್ಯೋಕೆ ಇನ್ನೂ ದಿನ ಇದೆ. ನಮ್ಮಂಥವರಿಗೆ ವರ್ಷದಲ್ಲಿ ಹೀಗೆ ಉಸಿರು ಬಿಡೋಕೆ ಸಿಗೋದು ಎರಡು ಮೂರು ವಾರ. ಹಾಗಾಗಿ ಸಂಕ್ರಾಂತಿ ಕಳೆದ ಮೊದಲ ಭಾನುವಾರ ತಲಕಾವೇರಿಗೆ ಹೊರಟ್ವಿ. ನಾನು, ಹೆಂಡತಿ, ಅವ್ವ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಹಬ್ಬಕ್ಕೆ ಅಂತ ಬೆಂಗಳೂರಿಂದ ಬಂದಿದ್ದ ತಂಗಿ, ಅವಳ ಎರಡು ಮಕ್ಕಳು. ಒಂದು ಜೀಪಿನಲ್ಲಿ ಎಂಟು ಜನ.

ತಲಕಾವೇರಿ ಬಗ್ಗೆ ಬರೆಯೋಕೆ ಕೂತಿಲ್ಲ. ಆ ದಿನ ನಾವು ಏನು ತಿಂದ್ವಿ ಅನ್ನೋದರ ಬಗ್ಗೆ ಬರೀತಿದ್ದೀನಿ. ಓದಿ ಬೈಯ್ಯೋರು ಬೈಯ್ಯಿ, ನನ್ನನ್ನ ನಾನೇ ಮೊದಲು ಬೈಕೊಂಡಾಗಿದೆ.

ಸೋಮವಾರಪೇಟೆ ದಾಟೋ ಮುಂಚೆಯೇ ಮಕ್ಕಳು ಚಿಪ್ಸ್ ಕೇಳಿದ್ವು, ಕೊಡಿಸಿದೆ. ಮಾದಾಪುರದಲ್ಲಿ ಜೀಪ್ ನಿಲ್ಲಿಸಿ ಕೂಲ್ ಡ್ರಿಂಕ್ಸ್. ಮಡಿಕೇರಿಯಲ್ಲಿ ಕ್ರೀಮ್ ಬಿಸ್ಕತ್ತು, ಪ್ಯಾಕೆಟ್ ಕೇಕು, ಮತ್ತೆ ಚಿಪ್ಸ್. ವಾಪಸ್ ಬರುವಾಗ ದಾರಿಯ ಒಂದು ಹೋಟೆಲಿನಲ್ಲಿ ಮಕ್ಕಳಿಗೆ ಗೋಬಿ ಮಂಚೂರಿ, ಫ್ರೈಡ್ ರೈಸ್. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರವೇ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿದ್ದು ನನಗೂ ಗೊತ್ತು. ತಟ್ಟೆ ಕೆಂಪಗೆ ಬಂದಾಗ ನೋಡಿಯೂ ಸುಮ್ಮನೆ ಇದ್ದೆ. ಹೊಟ್ಟೆ ಹಸಿದಿತ್ತು, ಮಕ್ಕಳು ಅಳ್ತಾ ಇದ್ದವು.

ಭಾಗಮಂಡಲ ರಸ್ತೆಯ ತಿರುವುಗಳು ಹೇಗಿವೆ ಅಂತ ಹೋದವರಿಗೆ ಗೊತ್ತು. ತಂಗಿಯ ಚಿಕ್ಕ ಮಗ ಎರಡನೇ ತಿರುವಿಗೇ ವಾಂತಿ ಶುರು ಮಾಡಿದ. ಅವನನ್ನ ನೋಡಿ ನನ್ನ ಮಗ. ಮಡಿಕೇರಿ ಬರೋ ಹೊತ್ತಿಗೆ ಜೀಪಿನ ಹಿಂದಿನ ಸೀಟು ಬೇಡ ಅನ್ನೋ ಹಾಗಾಗಿತ್ತು. ಆ ಮಗು ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ನರಳ್ತು. ಬೆಳಿಗ್ಗೆ ಗಂಜಿ ಕುಡಿಸಿದ ಮೇಲೆ ಸರಿಹೋಯ್ತು.

ರಾತ್ರಿ ಕೂತು ಫೋನ್‌ಪೇ ಲೆಕ್ಕ ಕೂಡಿಸಿದೆ. ಹೋಟೆಲ್ ಬಿಲ್ ಬಿಟ್ಟು, ಬರೀ ಪ್ಯಾಕೆಟ್ಟಿಗೆ ಮತ್ತು ಬಾಟಲಿಗೆ ಕೊಟ್ಟದ್ದು 1,180 ರೂಪಾಯಿ. 2025-26ರ ಸಾಲಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ ಇತ್ತು. ಅರ್ಧ ಕ್ವಿಂಟಾಲ್ ಭತ್ತ! ಸಸಿ ಮಡಿ ಮಾಡಿ, ಜಿಗಣೆ ಕಚ್ಚಿಸ್ಕೊಂಡು ನಾಟಿ ಮಾಡಿ, ಆನೆ ಬರದ ಹಾಗೆ ರಾತ್ರಿ ಕಾದು ಬೆಳೆದ 50 ಕೆಜಿಯನ್ನ ಒಂದು ಹಗಲಿನಲ್ಲಿ ಗಾಳಿ ತುಂಬಿದ ಪ್ಯಾಕೆಟ್ಟಿಗೆ ಸುರಿದು ಬಂದಿದ್ದೆ. ಇಪ್ಪತ್ತು ರೂಪಾಯಿ ಚಿಪ್ಸ್ ಪ್ಯಾಕೆಟ್ಟಿನ ಹಿಂದೆ ತೂಕ ಓದಿ ನೋಡಿ, ಸುಮಾರು 50 ಗ್ರಾಂ. ಕೆಜಿಗೆ 400 ರೂಪಾಯಿ ಆಯ್ತು. ಆಲೂಗಡ್ಡೆಗೆ!

ಅದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಏನೇನಿತ್ತು ಅಂತಲೂ ಬರೆದುಬಿಡ್ತೀನಿ. ಹೊಸ ಇಂಟಾನ್ ಅಕ್ಕಿ. ಉಗ್ರಾಣದಲ್ಲಿ ನೇತು ಹಾಕಿದ ಬಾಳೆಗೊನೆ, ಅರ್ಧ ಹಣ್ಣಾಗಿತ್ತು. ಕಾಫಿ ಗಿಡಗಳ ಮಧ್ಯೆ ಉಳ್ಕೊಂಡಿರೋ ನಾಲ್ಕು ಕಿತ್ತಳೆ ಮರದಲ್ಲಿ ಹಣ್ಣು. ಅವರೆಕಾಳು ಒಂದು ಬುಟ್ಟಿ. ಊರ ಕೋಳಿ ಮೊಟ್ಟೆ ಹನ್ನೆರಡು. ಹಬ್ಬದಲ್ಲಿ ಹಂಚಿ ಮಿಕ್ಕ ಎಳ್ಳು-ಬೆಲ್ಲ ಒಂದು ಡಬ್ಬಿ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತು ಸಿಕ್ಕಿದೆ ಅಂತ ನೆಂಟರ ಮುಂದೆ ಎದೆ ಉಬ್ಬಿಸಿ ಹೇಳೋನು ನಾನೇ. ಆ ಕಿತ್ತಳೆ ಮರದಲ್ಲೇ ಇತ್ತು, ನನ್ನ ಮಕ್ಕಳ ಕೈಯಲ್ಲಿ ಕಿತ್ತಳೆ ಬಣ್ಣದ ಬಾಟಲಿ ಇತ್ತು.

ಇಷ್ಟೇ ಆಗಿದ್ದರೆ ನಾನು ಬರೀತಿರಲಿಲ್ಲ. ದುಡ್ಡು ಹೋಯ್ತು, ಹೊಟ್ಟೆ ಕೆಟ್ಟಿತು, ಮುಗೀತು. ಬರೆಯೋ ಹಾಗೆ ಮಾಡಿದ್ದು ಬೇರೆ.

ಅವ್ವ ಬುತ್ತಿ ತಂದಿದ್ದಳು. ಯಾರಿಗೂ ಹೇಳದೆ ಬೆಳಗ್ಗೆ ಎದ್ದು ಅಕ್ಕಿ ರೊಟ್ಟಿ ಸುಟ್ಟು, ಎಳ್ಳು ಚಟ್ನಿ ಪುಡಿ ಸವರಿ, ಬಾಳೆ ಎಲೆಯಲ್ಲಿ ಸುತ್ತಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತನ್ನ ಚೀಲದಲ್ಲಿ ಇಟ್ಕೊಂಡಿದ್ದಳು. ಭಾಗಮಂಡಲದಲ್ಲಿ ಸಂಗಮ ನೋಡಿ ಬಂದು ಜೀಪ್ ಹತ್ತಿರ ನೆರಳಲ್ಲಿ ಕೂತಾಗ ಗಂಟು ಹೊರಗೆ ತೆಗೆದಳು. ನನ್ನ ಮಗಳು ಅಜ್ಜಿಯ ಕೈ ಹಿಡಿದು ಮೆಲ್ಲಗೆ ಅಂದಳು, "ಅಜ್ಜಿ, ಇಲ್ಲಿ ಬೇಡ. ಎಲ್ಲರೂ ನೋಡ್ತಾರೆ."

ಅವ್ವ ಏನೂ ಅನ್ನಲಿಲ್ಲ. ಗಂಟು ವಾಪಸ್ ಚೀಲಕ್ಕೆ ಹೋಯ್ತು. ಸಂಜೆ ಮನೆಗೆ ಬಂದು ಹಸುವಿಗೆ ಹಾಕಿದಳು.

ಒಂಬತ್ತು ವರ್ಷದ ಮಗುವಿಗೆ ಇದನ್ನ ಯಾರು ಕಲಿಸಿದ್ರು? ಟಿವಿ, ಮೊಬೈಲ್ ಅಂತ ಬೈದು ತಪ್ಪಿಸ್ಕೋಬಹುದು. ನಿಜ ಹೇಳ್ತೀನಿ. ಮೂರು ವರ್ಷದ ಹಿಂದೆ ಮೈಸೂರಿನ ಝೂಗೆ ಹೋದಾಗ ಪಾರ್ಕಿಂಗ್ ಜಾಗದಲ್ಲಿ ಇದೇ ಅವ್ವ ಇದೇ ಥರ ಗಂಟು ಬಿಚ್ಚೋಕೆ ಹೋದಳು. "ಅವ್ವ, ಸುಮ್ನೆ ಮಾನ ತೆಗೀಬೇಡ, ಹೋಟೆಲ್ ಇದೆಯಲ್ಲ" ಅಂದವನು ನಾನು. ಮಗಳು ಪಕ್ಕದಲ್ಲೇ ನಿಂತಿದ್ದಳು.

ನಮ್ಮಲ್ಲಿ ಬುತ್ತಿ ನಿಂತು ಹೋದದ್ದು ಸಮಯ ಇಲ್ಲದ್ದಕ್ಕೆ ಅಂತಾರೆ. ಸುಳ್ಳು. ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ಎಂಟಕ್ಕೆ ಮೊದಲು ತೋಟಕ್ಕೆ ಬರೋ ಹೆಂಗಸರಿಗೆ ನಮಗಿಂತ ಜಾಸ್ತಿ ಸಮಯ ಇದೆಯಾ? ಅವರ ಕೈಯಲ್ಲಿ ಸ್ಟೀಲ್ ಕ್ಯಾರಿಯರ್ ಇರುತ್ತೆ. ಮಧ್ಯಾಹ್ನ ಸಿಲ್ವರ್ ಮರದ ಬುಡದಲ್ಲಿ ಕೂತು ಮುಚ್ಚಳ ತೆಗೀತಾರೆ, ಅನ್ನ, ಹುರುಳಿ ಸಾರು, ಒಂದು ತುಂಡು ಒಣಮೀನು, ಇಲ್ಲಾಂದ್ರೆ ರೊಟ್ಟಿ ಪಲ್ಯ. ಒಬ್ಬರದ್ದು ಇನ್ನೊಬ್ಬರಿಗೆ ಹಂಚಿ ತಿಂತಾರೆ. ಆ ವಾಸನೆಗೆ ಎಷ್ಟೋ ಸಲ ನನಗೇ ಬಾಯಲ್ಲಿ ನೀರು ಬಂದಿದೆ. ಆದರೆ ನಮ್ಮ ತಲೆಯಲ್ಲಿ ಏನು ಕೂತಿದೆ ಅಂದ್ರೆ, ಬುತ್ತಿ ಕೂಲಿಯವರದ್ದು, ಹೋಟೆಲ್ ಧಣಿಗಳದ್ದು. ಹೊರಗೆ ಹೋದಾಗ ದುಡ್ಡು ಬಿಚ್ಚಿದರೆ ಮರ್ಯಾದೆ, ಗಂಟು ಬಿಚ್ಚಿದರೆ ಅವಮಾನ. ಈ ಕೆಟ್ಟ ಅಹಂಕಾರವನ್ನ ನಾವು ಮಕ್ಕಳಿಗೆ ಚಿಪ್ಸ್ ಜೊತೆಗೇ ತಿನ್ನಿಸ್ತಾ ಇದ್ದೀವಿ. ಇನ್ನೂ ಬೇಜಾರಿನ ವಿಷಯ, ಈಗ ಲೈನ್ ಮನೆಯ ಮಕ್ಕಳ ಕೈಗೂ ಐದು ರೂಪಾಯಿ ಪ್ಯಾಕೆಟ್ ಬಂದಿದೆ. ನಮ್ಮನ್ನ ನೋಡಿಯೇ ಬಂದಿದ್ದು.

ಸರ್ಕಾರಿ ಶಾಲೆ ಮಕ್ಕಳನ್ನ ನೋಡಿ. ಬಿಸಿಯೂಟಕ್ಕೆ ಸಾಲಾಗಿ ಕೂತು ಅನ್ನ ಸಾರು ಮೊಟ್ಟೆ ಎಲ್ಲರೂ ಒಂದೇ ಥರ ತಿಂತಾರೆ. ಅಲ್ಲಿ ಯಾವ ಮಗೂ ನಾಚ್ಕೊಂಡಿದ್ದು ನಾನು ಕಾಣೆ. ಭಾನುವಾರ ಕಾರು ಹತ್ತಿದ ಕೂಡಲೇ ನಾಚಿಕೆ ಎಲ್ಲಿಂದ ಬರುತ್ತೆ?

ಇನ್ನೊಂದು ಗುಂಪು ಇದೆ. ಅವರಿಗೂ ಎರಡು ಮಾತು. ಮಕ್ಕಳ "ಹೆಲ್ದಿ ಲಂಚ್" ಅಂತ ರೀಲ್ಸ್ ಮಾಡೋರು. ತಂಗಿ ತೋರಿಸಿದಳು. ಕಿನೋವಾ, ಬ್ರೊಕೊಲಿ, ನಕ್ಷತ್ರದ ಆಕಾರದಲ್ಲಿ ಕತ್ತರಿಸಿದ ಬ್ರೆಡ್ಡು, ಅದರ ಮೇಲೆ ಅವಕಾಡೊ. ಅವಕಾಡೊ ಅಂದ್ರೆ ನಮ್ಮ ಬೆಣ್ಣೆಹಣ್ಣು ಕಣ್ರೀ! ಮಳೆಗಾಲದಲ್ಲಿ ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತೆ, ವ್ಯಾಪಾರಿ ಬಂದು ಹೇಳಿದ ರೇಟಿಗೆ ತುಂಬ್ಕೊಂಡು ಹೋಗ್ತಾನೆ. ಅದನ್ನ ಬ್ರೆಡ್ಡಿಗೆ ಹಚ್ಚಿದ ಫೋಟೋ ನೋಡಿ ನಾವು ಬಾಯಿ ಬಿಡಬೇಕು. ಪ್ಯಾಕೆಟ್ ಮೇಲೆ ಎಲೆ ಚಿತ್ರ ಹಾಕಿದ್ರೆ, ಮಿಲೆಟ್ ಅಂತ ದೊಡ್ಡದಾಗಿ ಬರೆದಿದ್ರೆ ಅದು ಆರೋಗ್ಯ ಅಂತ ನಂಬೋರು ಒಂದು ಸಲ ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಇಲಾಖೆಯೇ ಆನ್‌ಲೈನ್ ಅಂಗಡಿಗಳಿಗೆ, ಹಾಲಿಗೆ ಹಾಕೋ ಪುಡಿಗಳನ್ನ "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೀರಿ ಅಂತ ಹೇಳಬೇಕಾಯ್ತು. ಅದೇ ವರ್ಷ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಡಬ್ಬಿ ಜ್ಯೂಸಿನ ಮೇಲೆ "100% ಹಣ್ಣಿನ ರಸ" ಅಂತ ಹಾಕೋದನ್ನ ನಿಲ್ಲಿಸಿ ಅಂದಿತು. ನಾವು ಎಷ್ಟು ವರ್ಷ ಅದನ್ನ ನಂಬಿ ಮಕ್ಕಳಿಗೆ ಕುಡಿಸಿದ್ವಿ!

ಸಕ್ಕರೆ ಲೆಕ್ಕ ಒಂದು ಹೇಳಿ ಮುಂದೆ ಹೋಗ್ತೀನಿ. ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ 10 ಗ್ರಾಂಗಿಂತ ಸ್ವಲ್ಪ ಹೆಚ್ಚು ಸಕ್ಕರೆ. 250 ಮಿಲಿ ಬಾಟಲಿ ಅಂದ್ರೆ 25 ಗ್ರಾಂ ದಾಟಿತು. ಹೊರಗಿಂದ ಸೇರೋ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ 10 ಪರ್ಸೆಂಟಿಗಿಂತ ಕಡಿಮೆ ಇರಲಿ, ಆದರೆ 5ಕ್ಕೆ ಇಳಿಸಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನನ್ನ ಮಗಳ ವಯಸ್ಸಿಗೆ ಆ 5 ಪರ್ಸೆಂಟ್ ಅಂದ್ರೆ 20 ಗ್ರಾಂ ಆಸುಪಾಸು. ಮಾದಾಪುರದಲ್ಲೇ ಆ ದಿನದ ಕೋಟಾ ಮುಗಿದಿತ್ತು.

ಇಷ್ಟನ್ನೂ ಮನೆಯಲ್ಲಿ ಜೋರಾಗಿ ಭಾಷಣ ಮಾಡಿದೆ. ಇನ್ಮೇಲೆ ಹೊರಗೆ ಹೋದ್ರೆ ಬುತ್ತಿ, ಬೇರೆ ಮಾತಿಲ್ಲ ಅಂದೆ. ಹೆಂಡತಿ ಅವರೆಕಾಳು ಬಿಡಿಸ್ತಾ ಇದ್ದಳು, ತಲೆ ಎತ್ತಲಿಲ್ಲ.

"ಕಟ್ಟೋಣ ರೀ. ನಾಲ್ಕೂವರೆಗೆ ಏಳೋರು ಯಾರು? ಎಂಟು ಜನಕ್ಕೆ ರೊಟ್ಟಿ ತಟ್ಟೋರು ಯಾರು? ಸಂಜೆ ಬಂದು ಡಬ್ಬಿ ತೊಳೆಯೋರು ಯಾರು? ನಿಮಗೆಲ್ಲ ಭಾನುವಾರ ಅಂದ್ರೆ ರಜ. ನನಗೆ ಆ ಒಂದು ದಿನ ಒಲೆ ಮುಂದೆ ನಿಲ್ಲದೆ ಇರೋದೇ ರಜ."

ಉತ್ತರ ಇರಲಿಲ್ಲ. ಬುತ್ತಿ ಸಂಸ್ಕೃತಿ, ಅಜ್ಜಿ ಕಾಲದ ಊಟ ಅಂತ ಬರೆಯೋ ಗಂಡಸರೇ, ನಮ್ಮಲ್ಲಿ ಎಷ್ಟು ಜನ ಒಂದು ರೊಟ್ಟಿ ತಟ್ಟಿದ್ದೀವಿ? ಹೆಂಗಸರು ಪ್ಯಾಕೆಟ್ಟಿನ ಕಡೆ ಹೋಗಿದ್ದು ಸೋಮಾರಿತನ ಅಂತ ಇನ್ನು ಮುಂದೆ ಯಾರಾದರೂ ಬರೆದರೆ ಈ ಪುಟಕ್ಕೆ ಕಾಲಿಡಬೇಡಿ. ನಾವು ಕೈ ಹಾಕದ ಕೆಲಸಕ್ಕೆ ನಾವು ನಿಯಮ ಮಾಡಬಾರದು.

ಹಾಗಾಗಿ ಮುಂದಿನ ಭಾನುವಾರ ನಾನೇ ಎದ್ದೆ. ಮಲ್ಲಳ್ಳಿ ಜಲಪಾತಕ್ಕೆ ಹೋಗೋದು ಅಂತ ತೀರ್ಮಾನ ಆಗಿತ್ತು. ತಂಗಿ ಮಕ್ಕಳಿಬ್ಬರನ್ನೂ ಇನ್ನೊಂದು ವಾರಕ್ಕೆ ನಮ್ಮಲ್ಲೇ ಬಿಟ್ಟು ಹೋಗಿದ್ದಳು. ಹಿಂದಿನ ರಾತ್ರಿ ಅವ್ವನ ಹತ್ತಿರ ಪಾಠ ಹೇಳಿಸ್ಕೊಂಡೆ. ಅದರಲ್ಲಿ ಕೆಲವು ನಿಮಗೂ ಉಪಯೋಗಕ್ಕೆ ಬರಬಹುದು.

ಬರೀ ಹಿಟ್ಟಿನ ರೊಟ್ಟಿ ಮಧ್ಯಾಹ್ನಕ್ಕೆ ಹಪ್ಪಳ ಆಗುತ್ತೆ. ಅನ್ನವನ್ನ ಚೆನ್ನಾಗಿ ಮಿದ್ದು ಅಕ್ಕಿ ಹಿಟ್ಟಿನ ಜೊತೆ ಕಲಸಿದ್ರೆ ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತೆ. ಆ ಅನ್ನ ಬೆಳಿಗ್ಗೆಯೇ ಮಾಡಿದ್ದಾಗಿರಬೇಕು. ರಾತ್ರಿ ಪಾತ್ರೆಯಲ್ಲಿ ಹಾಗೇ ಉಳಿದ ಅನ್ನದಲ್ಲಿ ಬೆಳೆಯೋ ಒಂದು ಬ್ಯಾಕ್ಟೀರಿಯಾ ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ದೊಡ್ಡವರ ಹೊಟ್ಟೆ ತಡೆದೀತು, ಮಗುವಿನದ್ದು ತಡೆಯಲ್ಲ. ಬಾಳೆ ಎಲೆಯನ್ನ ಬೆಂಕಿ ಮೇಲೆ ಆಡಿಸಿ ಬಾಡಿಸಬೇಕು, ಬಣ್ಣ ತಿರುಗಿದ ಮೇಲೆ ಹೇಗೆ ಮಡಿಸಿದ್ರೂ ಹರಿಯಲ್ಲ. ರೊಟ್ಟಿ, ಅನ್ನ ಯಾವುದನ್ನೂ ಬಿಸಿ ಬಿಸಿ ತುಂಬಿ ಮುಚ್ಚಳ ಹಾಕಬಾರದು. ಹಬೆ ನೀರಾಗಿ ಅಲ್ಲೇ ಹಳಸುತ್ತೆ. ಅಗಲ ತಟ್ಟೆಗೆ ಹರಡಿ ಆರಿಸಿ ಆಮೇಲೆ ಕಟ್ಟಿ.

ನನ್ನ ಮೊದಲ ನಾಲ್ಕು ರೊಟ್ಟಿ ಕರ್ನಾಟಕದ ನಕ್ಷೆ ಥರ ಇದ್ದವು. ಬಾಗಿಲಲ್ಲಿ ಕಾಫಿ ಲೋಟ ಹಿಡ್ಕೊಂಡು ನಿಂತು ಹೆಂಡತಿ ಬೀದರ್ ಯಾವ ಕಡೆ ಅಂತ ಕೇಳಿದಳು. ಒಟ್ಟು ಹದಿನಾರು ರೊಟ್ಟಿ, ಎಳ್ಳು ಚಟ್ನಿ ಪುಡಿ, ಬೇಯಿಸಿ ಒಗ್ಗರಣೆ ಹಾಕಿದ ಅವರೆಕಾಳು, ಕಾಚಂಪುಳಿ ಹಾಕಿ ಕಲಸಿದ ಅನ್ನ, ಮೊಟ್ಟೆ, ಬಾಳೆಹಣ್ಣು, ಕಿತ್ತಳೆ, ಜೀರಿಗೆ ಹಾಕಿ ಕುದಿಸಿದ ನೀರು. ಹುಳಿ ಇರೋ ಅನ್ನ ಬೇಗ ಕೆಡಲ್ಲ, ನಮ್ಮ ಹಿರಿಯರು ದಾರಿಗೆ ಹುಳಿಯನ್ನೇ ಕಟ್ಟಿದ್ದಕ್ಕೆ ಅದೇ ಕಾರಣ. ಮೊಟ್ಟೆಯನ್ನ ಗಟ್ಟಿಯಾಗಿ ಬೇಯಿಸಿ ಸಿಪ್ಪೆ ಸಮೇತ ತಗೊಂಡು ಹೋಗಿ, ದಾರಿಯ ಮೊದಲ ನಿಲುಗಡೆಯಲ್ಲೇ ಮೆಣಸಿನ ಪುಡಿ ಹಾಕಿ ಖಾಲಿ ಮಾಡಿದ್ವಿ, ಮಧ್ಯಾಹ್ನದವರೆಗೆ ಇಡಲಿಲ್ಲ. ಎಳ್ಳು-ಬೆಲ್ಲವನ್ನ ಚಿಕ್ಕವನಿಗೆ ಅಂತ ಕುಟ್ಟಿ ಪುಡಿ ಮಾಡಿದೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಅದೂ ಓಡೋ ಗಾಡಿಯಲ್ಲಿ. ಗಂಟಲಿಗೆ ಸಿಕ್ಕಿಕೊಂಡರೆ ಕಾಡು ರಸ್ತೆಯಲ್ಲಿ ಯಾರನ್ನ ಕರೀತೀರಿ?

ಎಲ್ಲ ಚೆನ್ನಾಗಿ ಆಯ್ತು ಅಂತ ಹೇಳಿದ್ರೆ ನೀವು ನಂಬಬೇಡಿ. ಅವ್ವ ಬೇಡ ಅಂದ್ರೂ ಕೇಳದೆ ಹಸಿ ತೆಂಗಿನಕಾಯಿ ಚಟ್ನಿ ಮಾಡಿದ್ದೆ, ಹನ್ನೆರಡು ಗಂಟೆಗೇ ವಾಸನೆ ಬಂತು, ಚೆಲ್ಲಿದೆ. ಬಾಳೆಹಣ್ಣಿನ ಮೇಲೆ ನೀರಿನ ಕ್ಯಾನ್ ಇಟ್ಟಿದ್ದೆ, ಪಾಯಸ ಆಗಿತ್ತು. ಮಗ ಅವರೆಕಾಳು ಮುಟ್ಟಲಿಲ್ಲ, ಚಿಪ್ಸ್ ಬೇಕು ಅಂತ ಅರ್ಧ ಗಂಟೆ ಅತ್ತ. ಕೊಡಿಸಲಿಲ್ಲ. ಜಲಪಾತದ ಮೆಟ್ಟಿಲು ಇಳಿದು ಹತ್ತಿ ಬಂದ ಮೇಲೆ ಅದೇ ಮಗ ಎರಡು ರೊಟ್ಟಿ, ಕೈತುಂಬ ಅನ್ನ ತಿಂದ. ಅಷ್ಟು ಮೆಟ್ಟಿಲು ಹತ್ತಿದ ಮಗುವಿಗೆ ಏನು ಕೊಟ್ಟರೂ ರುಚಿಯೇ. ಹಸಿವಾಗೋ ಮೊದಲೇ ಪ್ಯಾಕೆಟ್ ಕೊಡೋದೇ ನಾವು ಮಾಡೋ ತಪ್ಪು.

ಪಕ್ಕದಲ್ಲಿ ಮಂಗಳೂರು ಕಡೆಯ ಒಂದು ಸಂಸಾರ ಕೂತಿತ್ತು. ಅವರ ಮಗು ನಮ್ಮ ಎಲೆಯನ್ನೇ ನೋಡ್ತಾ ಇತ್ತು. ಮಗಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಅವಳೇ ಎದ್ದು ಹೋಗಿ ಒಂದು ರೊಟ್ಟಿ ಕೊಟ್ಟು ಬಂದಳು. ಆ ಅಮ್ಮ "ಇದು ಹೇಗೆ ಇಷ್ಟು ಮೆತ್ತಗಿದೆ?" ಅಂತ ಅವ್ವನನ್ನ ಕೇಳಿದ್ರು. ಅವ್ವ ಹತ್ತು ನಿಮಿಷ ವಿವರಿಸಿದಳು, ನಾನು ಮಾಡಿದ್ದು ಅಂತ ಒಂದು ಮಾತೂ ಹೇಳಲಿಲ್ಲ!

ಈಗ ಜಗಳಕ್ಕೆ ಬರೋರಿಗೆ. ಕೊಡಗಿನಲ್ಲಿ ಎಷ್ಟೋ ಸಂಸಾರ ಹೋಟೆಲ್, ಅಂಗಡಿ ನಂಬಿಕೊಂಡಿವೆ, ನೀನು ಅವರ ಹೊಟ್ಟೆ ಮೇಲೆ ಹೊಡೀತೀಯ ಅಂತ ಗೆಳೆಯನೊಬ್ಬ ಆಗಲೇ ಅಂದ. ಕಡುಬು, ನೂಪುಟ್ಟು, ಬಿಸಿ ಅನ್ನ ಸಾರು ಕೊಡೋ ಸಣ್ಣ ಹೋಟೆಲಿಗೆ ಧಾರಾಳವಾಗಿ ಹೋಗಿ, ನಾನೂ ಹೋಗ್ತೀನಿ, ಅವತ್ತು ಸಂಜೆ ಶಾಂತಳ್ಳಿಯಲ್ಲಿ ಟೀ ಕುಡಿದೇ ಬಂದ್ವಿ. ಪ್ಯಾಕೆಟ್ಟಿನ ದುಡ್ಡಿನಲ್ಲಿ ಅಂಗಡಿಯವನಿಗೆ ಉಳಿಯೋದು ಚಿಲ್ಲರೆ, ಮಿಕ್ಕಿದ್ದು ಘಟ್ಟ ಇಳಿದು ಎಲ್ಲಿಗೋ ಹೋಗುತ್ತೆ. ಅದೇ ಅಂಗಡಿಯವನು ಬಾಳೆಹಣ್ಣು, ಕಿತ್ತಳೆ, ಬೇಯಿಸಿದ ಜೋಳ, ಕಡಲೆಕಾಯಿ ಇಟ್ಟರೆ ದುಡ್ಡು ಇಲ್ಲೇ ಸುತ್ತುತ್ತೆ. ನಾವು ಕೇಳಿದ್ರೆ ತಾನೆ ಅವನು ಇಡೋದು?

ಪ್ಯಾಕೆಟ್ ತಿಂದಾದ ಮೇಲೆ ಎಲ್ಲಿ ಬೀಳುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧ ಆಯ್ತು, 2022ರ ಜುಲೈ 1ರಿಂದ ತಟ್ಟೆ, ಲೋಟ ದೇಶದಲ್ಲೇ ನಿಷೇಧ ಆಯ್ತು. ಚಿಪ್ಸ್ ಪ್ಯಾಕೆಟ್ ಮಾತ್ರ ಯಾವ ನಿಷೇಧಕ್ಕೂ ಸಿಗದೆ ನಮ್ಮ ತೋಡಿನಲ್ಲಿ ತೇಲ್ತಾ ಇದೆ. ಅದರ ಉಪ್ಪಿನ ರುಚಿಗೆ ದನ ನೆಕ್ಕುತ್ತೆ, ಮಂಗ ಕಿತ್ಕೊಳ್ಳುತ್ತೆ. ಬುತ್ತಿ ಕಟ್ಟೋರೂ ಒಂದು ನೆನಪಿಡಿ, ನಾಗರಹೊಳೆ ಕಡೆ ಕಾಡು ರಸ್ತೆಯಲ್ಲಿ ನಿಲ್ಲಿಸಿ ಊಟ ಬಿಚ್ಚಬೇಡಿ, ಮಂಗಕ್ಕೆ ಹಾಕಬೇಡಿ, ಹಲಸಿನ ಸೀಸನ್ನಲ್ಲಿ ಹಲಸಿನ ಹಣ್ಣು ಗಾಡಿಯಲ್ಲಿ ಇಟ್ಕೊಂಡು ಆನೆ ದಾರಿಯಲ್ಲಿ ಸಾಹಸ ಮಾಡಬೇಡಿ. ಬಾಳೆ ಎಲೆಯೇ ಆದರೂ ವಾಪಸ್ ತನ್ನಿ, ಮನೆಯ ಗೊಬ್ಬರದ ಗುಂಡಿಗೆ ಬರಲಿ.

ನಮ್ಮ ಊರಲ್ಲಿ ಗದ್ದೆ ಪಾಳು ಬೀಳ್ತಾ ಇದೆ. ಆನೆ, ಕೂಲಿ, ಬೆಲೆ, ಕಾರಣ ನೂರು ಇವೆ, ಎಲ್ಲವೂ ನಿಜ. ನಾನೂ ಕಳೆದ ವರ್ಷ ಮೇಲಿನ ಎರಡು ಗದ್ದೆ ನಾಟಿ ಮಾಡಲಿಲ್ಲ. ಆದರೆ ನಮ್ಮ ಮಕ್ಕಳು ನಮ್ಮ ಅಕ್ಕಿಯ ರೊಟ್ಟಿಯನ್ನ ನಾಲ್ಕು ಜನರ ಮುಂದೆ ತಿನ್ನೋಕೆ ಹಿಂಜರಿದರೆ ನಾಳೆ ಆ ಗದ್ದೆಗೆ ಇಳೀತಾರಾ? ಬೆಂಬಲ ಬೆಲೆ ಐದು ಸಾವಿರ ಮಾಡಿದ್ರೂ ಇಳಿಯಲ್ಲ.

ತಂಗಿಯ ಮಕ್ಕಳು ಮೊನ್ನೆ ಬೆಂಗಳೂರಿಗೆ ಹೋದ್ರು. ಬಸ್ಸಿಗೆ ಕಟ್ಟಿಕೊಡು ಅಂತ ಅವರೇ ಕೇಳಿದ್ರು, ಆರು ರೊಟ್ಟಿ ಕಟ್ಟಿದೆ. ಮುಂದಿನ ಭಾನುವಾರ ಹಾರಂಗಿ ಕಡೆ ಹೋಗೋಣ ಅಂತ ಮಗಳು ಹೇಳ್ತಾ ಇದ್ದಾಳೆ. ಹಿಟ್ಟು ಮುಗಿದಿದೆ, ಮಿಲ್ಲಿಗೆ ಹೋದ್ರೆ ಕರೆಂಟ್ ಇಲ್ಲ. ಮೆಣಸು ಕೊಯ್ಯೋ ಏಣಿಯೂ ರಿಪೇರಿ ಆಗಬೇಕು.